ಐದನೇ ಗುಂಡು

16 ಸೆಪ್ಟೆಂಬರ್ 2018

ಇವತ್ತು ಬೀದಿ ಗಣೇಶನನ್ನು ಕೆರೆಗೆ ಬಿಟ್ಟರು. ವೆಂಕಟರಾಯಪ್ಪನವರೂ ಮನೆಗೆ ಬಂದರು. ಒಂದಕ್ಕೊಂದು ಸಂಬಂಧವಿಲ್ಲ. ಒಂದೇ ದಿನ ನಡೆದದ್ದರಿಂದ ಒಟ್ಟಿಗೆ ಬರೆದಿದ್ದೇನೆ.

ವೆಂಕಟರಾಯಪ್ಪನವರು ಅನುಗೊಂಡನಹಳ್ಳಿಯವರು. ನನ್ನ ಹೆಂಡತಿ ಮಮತಳ ಅಕ್ಕನ ಮಗಳು ಅಕ್ಷತ ಇದ್ದಾಳಲ್ಲ, ಅವಳ ದೊಡ್ಡಪ್ಪ. ಅವಳ ಅಪ್ಪ ಅವಳು ಅಂಗನವಾಡಿಗೆ ಹೋಗುವ ಕಾಲಕ್ಕೇ ತೀರಿಕೊಂಡರು. ಅಮ್ಮ ಜ್ಯೋತಿಲಕ್ಷ್ಮಿ ಹೋದ ವರ್ಷ ಹೋದರು. ಅಂದಿನಿಂದ ಹುಡುಗಿ ನಮ್ಮ ಮನೆಯಲ್ಲಿದ್ದಾಳೆ. ನನಗೂ ಮಮತಗೂ ಮಕ್ಕಳಿಲ್ಲ. ಎರಡು ಸೀಮೆಹಸು ಇವೆ, ಸ್ವಲ್ಪ ಹಿಪ್ಪುನೇರಳೆ ತೋಟವಿದೆ.

ದೊಡ್ಡಪ್ಪನವರು ಕಾಫಿ ಕುಡಿದು ಲೋಟ ಕೆಳಗಿಟ್ಟು ಶುರು ಮಾಡಿದರು.

"ಡಿಗ್ರಿ ಮುಗೀತಲ್ಲ. ಪಿಲ್ಲಗುಂಪೇಲಿ ಕೆಲ್ಸ ಹೇಳಿಟ್ಟಿವ್ನಿ. ಪ್ಯಾಕಿಂಗ್ ಸೆಕ್ಷನ್ನು, ಫ್ಯಾಕ್ಟ್ರಿ ಬಸ್ಸೇ ಬತ್ತದೆ. ಇನ್ನೂ ಎಷ್ಟು ದಿನ ನಿಮ್ಮನೇಲಿ ಕುಂತು ಉಣ್ಣೋದು ಮುರಳಿ? ನಮ್ಮ ತಮ್ಮನ ಮಗ್ಳು ಇನ್ನೊಬ್ರಿಗೆ ಭಾರ ಆಗ್ಬಾರ್ದು."

"ಭಾರ ಏನಿಲ್ಲ ಬಿಡಿ ಅಣ್ಣ. ಒಂದೈವತ್ತು ಕೇಜಿ ಇರಬಹುದು" ಅಂದೆ.

ಯಾರೂ ನಗಲಿಲ್ಲ. ಅಕ್ಷತ ಬಂದು ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು. ಒಳ್ಳೆಯ ಜೋಕೊಂದು ಹಾಳಾಯಿತು.

ಕೊನೆಗೆ ಒಂದು ಒಪ್ಪಂದವಾಯಿತು. ನವೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಪಿಸ್ತೂಲು ಸ್ಪರ್ಧೆ ಇದೆ. ಅಲ್ಲಿ ಅಕ್ಷತಗೆ ರಾಷ್ಟ್ರ ಮಟ್ಟಕ್ಕೆ ಬೇಕಾದ ಅಂಕ ಬಂದರೆ ದೊಡ್ಡಪ್ಪ ಇನ್ನು ಮಾತೆತ್ತುವುದಿಲ್ಲ. ಬಾರದಿದ್ದರೆ ಡಿಸೆಂಬರ್ ಒಂದನೇ ತಾರೀಖು ಪಿಲ್ಲಗುಂಪೆಯ ಬಸ್ಸು. ಬಸ್ಸು ಹತ್ತಬೇಕಾದವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

27 ಸೆಪ್ಟೆಂಬರ್

ಪಿಸ್ತೂಲು ಸಿಕ್ಕಿಕೊಂಡಿತು.

ನನ್ನ ಉದ್ಯೋಗ ಹೇಳಿದರೆ ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಐಚ್ಛಿಕ ಕನ್ನಡ ಓದಿ ಬಿ.ಎ. ಮಾಡಿದವನು, ದೇವನಹಳ್ಳಿ ರಸ್ತೆಯ ಶೂಟಿಂಗ್ ಕ್ಲಬ್ಬಿನಲ್ಲಿ ಆಯುಧ ಕೊಠಡಿಯ ಉಸ್ತುವಾರಿ. ಛಂದಸ್ಸು ಓದಿದ ಕೈ ಚೇಂಬರ್ ಒರೆಸುತ್ತದೆ. ಕ್ಲಬ್ಬಿನ ಯಜಮಾನರು ನಿವೃತ್ತ ಮೇಜರ್. ಅಕ್ಷತ ಎನ್‌ಸಿಸಿಯಲ್ಲಿ ರೈಫಲ್ ಹಿಡಿದದ್ದನ್ನು ನೋಡಿ ಅವರೇ ಪಿಸ್ತೂಲಿಗೆ ಕರೆದರು. ಅಲ್ಲಿ ಅವಳು ನನ್ನನ್ನು ಸಾರ್ ಅನ್ನುತ್ತಾಳೆ. ಮನೆಯಲ್ಲೂ ಅದೇ ಉಳಿದುಕೊಂಡಿದೆ. ಉಣ್ಣುವುದಕ್ಕೆ ಸಾರು, ಕರೆಯುವುದಕ್ಕೆ ಸಾರ್.

ಅವಳ ಪಿಸ್ತೂಲು ಅರೆ ಸ್ವಯಂಚಾಲಿತ. ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು. ಗುಂಡು ಹೊರಟ ಒದೆತಕ್ಕೆ ಮೇಲಿನ ಭಾಗ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು, ಅಂದರೆ ಗುಂಡಿನ ಕವಚವನ್ನು, ಹೊರಗೆಸೆಯುತ್ತದೆ, ಮುಂದಕ್ಕೆ ಬರುವಾಗ ಹೊಸದನ್ನು ಒಳಗೆ ತಳ್ಳುತ್ತದೆ. ಸ್ಪರ್ಧೆಯಲ್ಲಿ ಐದೈದು ಗುಂಡಿನ ಸರಣಿಗಳು. ಇವತ್ತು ನಾಲ್ಕು ಗುಂಡು ಸರಾಗ ಹೋದವು. ಆಮೇಲೆ ನಾಲ್ಕನೆಯದರ ಖಾಲಿ ತೋಟಾ ಹೊರಗೂ ಬೀಳದೆ ಒಳಗೂ ನಿಲ್ಲದೆ ಬಾಗಿಲಲ್ಲೇ ನಿಂತಿತು, ಹೋಗ್ತೀನಿ ಹೋಗ್ತೀನಿ ಅನ್ನುತ್ತಾ ಹೊಸಲ ಮೇಲೆ ನಿಂತು ಮಾತಾಡುವ ನೆಂಟರ ಹಾಗೆ. ಐದನೇ ಗುಂಡಿಗೆ ದಾರಿಯಿಲ್ಲ.

"ಏನಾಯ್ತು ಸಾರ್?"

"ಕೊಳೆ ಇರಬೇಕು. ತೊಳೀತೀನಿ ಬಿಡು."

1 ಅಕ್ಟೋಬರ್

ತೊಳೆದೆ. ನಿಂತಿತು. ಗುಂಡು ತುಂಬುವ ಮ್ಯಾಗಝೀನ್ ಬದಲಿಸಿದೆ. ನಿಂತಿತು. ಒಂದೊಂದು ದಿನ ಮೂರು ಸರಣಿಗೊಮ್ಮೆ, ಒಂದೊಂದು ದಿನ ಪ್ರತಿ ಸರಣಿಗೂ. ಯಾವಾಗಲೂ ಐದನೆಯದಕ್ಕೇ.

ಎಣ್ಣೆ ಹಾಕಿದೆ, ಉಜ್ಜಿ ಒರೆಸಿದೆ, ಬೆಣ್ಣೆ ಮಾತಲಿ ಬೇಡಿದೆ;
ತಣ್ಣಗೆಲ್ಲವ ಕೇಳಿ ಪಿಸ್ತೂಲು ಐದನೆಯದಕೆ ನಿಂತಿದೆ.

ಮಮತಗೆ ಓದಿ ಹೇಳಿದೆ. "ಪ್ರಾಸ ಚೆನ್ನಾಗಿದೆ, ಮುಲಾಮು ಖಾಲಿಯಾಗಿದೆ, ನಾಳೆ ತನ್ನಿ" ಅಂದಳು. ಹೋದ ವಾರ ತಾನೇ ಒಂದು ಟ್ಯೂಬ್ ತಂದಿದ್ದೆ. ಇವರು ನೋವಿನ ಮುಲಾಮನ್ನು ರೊಟ್ಟಿಗೆ ಸವರಿ ತಿನ್ನುತ್ತಾರೋ ಏನೋ.

5 ಅಕ್ಟೋಬರ್

ಬೇರೆ ಕಂಪನಿಯ ತೋಟಾದ ಪೆಟ್ಟಿಗೆ ತೆರೆದೆ. ಕೆಲವು ಪಿಸ್ತೂಲುಗಳಿಗೆ ಕೆಲವು ಕಂಪನಿಯದು ಒಗ್ಗುವುದಿಲ್ಲ, ಕೆಲವರಿಗೆ ಬದನೆಕಾಯಿ ಒಗ್ಗದ ಹಾಗೆ. ಮೂರು ಬಗೆ ನೋಡಿದ್ದಾಯಿತು. ಮೂರೂ ನಿಂತವು.

ಕೊನೆಗೆ ನಾನೇ ಹಾರಿಸಿ ನೋಡಿದೆ. ಹತ್ತು ಸರಣಿ. ಒಂದೂ ನಿಲ್ಲಲಿಲ್ಲ. ಗುರಿ ಹಲಗೆಯ ಸುತ್ತ ಇರುವ ಮರಳಿಗೆ ಮಾತ್ರ ಸ್ವಲ್ಪ ನೋವಾಯಿತು. ಮೇಜರ್ ಸಾಹೇಬರು ಹಾರಿಸಿದರು. ನಿಲ್ಲಲಿಲ್ಲ. ಅಕ್ಷತ ಹಿಡಿದಳು. ಐದನೆಯದಕ್ಕೆ ನಿಂತಿತು.

ಎಂದಿನಂತೆ ಮಧ್ಯಾಹ್ನ ಅವಳನ್ನು ಮನೆಗೆ ಬಿಡಲು ಹೊರಟಾಗ ಟಿವಿಎಸ್‌ ಮೇಲೆ ಹಿಂದುಗಡೆ ಮುದುರಿ ಕೂತಿದ್ದಳು. ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ತಲೆಯ ಮೇಲೆ ಇಳಿಯಿತು. ಅದರ ಸದ್ದು ಹೋದ ಮೇಲೆ ಕೇಳಿದಳು.

"ನನ್ನ ಕಂಡ್ರೆ ಆಗಲ್ವೇನೋ ಸಾರ್ ಅದಕ್ಕೆ?"

"ಕಬ್ಬಿಣಕ್ಕೆ ಅಷ್ಟೆಲ್ಲ ತಿಳಿಯಲ್ಲಮ್ಮ" ಅಂದೆ.

9 ಅಕ್ಟೋಬರ್

ಮೇಜರ್ ಸಾಹೇಬರ ಕಾರಿನಲ್ಲಿ, ಕಾಗದಪತ್ರ ಸಮೇತ, ಪಿಸ್ತೂಲನ್ನು ಸಿಟಿಯ ರಿಪೇರಿಯವರ ಹತ್ತಿರ ಕೊಂಡೊಯ್ದೆವು. ಹಳೆಯ ಕಾಲದ ಸಾಹೇಬರು, ಮೂಗಿನ ತುದಿಗೆ ಕನ್ನಡಕ. ಬಿಚ್ಚಿ ಹರಡಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

"ಸ್ಪ್ರಿಂಗ್ ಬದಲಾಯಿಸಿದರೆ ಹೇಗೆ?" ಎಂದು ಕೇಳಿದೆ. ನಾಲ್ಕು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

"ಯಾಕೆ? ಜ್ವರ ಇಲ್ಲದೋರಿಗೆ ಸೂಜಿ ಚುಚ್ತೀರಾ? ಗನ್ನು ಬರಾಬರ್ ಐತೆ. ಹಿಂದೆ ಒದ್ದಾಗ ಒರಗೋಕೆ ಅದಕ್ಕೆ ಗೋಡೆ ಬೇಕು. ಗೋಡೆ ಅಂದ್ರೆ ಕೈ. ಕೈ ಗಟ್ಟಿ ನಿಂತ್ರೆ ಇದು ಪೂರಾ ಹಿಂದೆ ಸರೀತದೆ. ಕೈಯೂ ಜೊತೇಲಿ ಹಿಂದೆ ಹೋದ್ರೆ ಅರ್ಧಕ್ಕೇ ನಿಲ್ತದೆ. ಹುಡುಗಿ ಕೈ ನೋಡಿ."

ನೋಡುತ್ತೇನೆ. ಕೈ ಚಿಕ್ಕದು, ಹಿಡಿ ದೊಡ್ಡದು. ಹಿಡಿಯನ್ನು ಅವಳ ಅಳತೆಗೆ ತಿದ್ದಬೇಕು. ಅಷ್ಟೇ ಇರಬೇಕು.

15 ಅಕ್ಟೋಬರ್

ಬೆಂಗಳೂರಿನಲ್ಲಿ ಮೂರು ದಿನದ ಶಿಬಿರ ಮುಗಿಸಿ ಬಂದೆವು. ಮೊದಲನೇ ದಿನ ಎರಡು ಸಲ ನಿಂತಿತು. ಎರಡನೇ ದಿನ ಒಂದು ಸಲ. ಮೂರನೇ ದಿನ ಒಂದು ಸಲವೂ ಇಲ್ಲ. ಅಂಕವೂ ಏರಿತು. ನಾನು ಏನನ್ನೂ ಮುಟ್ಟಿರಲಿಲ್ಲ, ಹಿಡಿಯನ್ನೂ ಇನ್ನೂ ತಿದ್ದಿಸಿರಲಿಲ್ಲ. ಹಳ್ಳಿಯಲ್ಲಿ ಕೆಲಸ ಮಾಡುವುದಿಲ್ಲ, ಸಿಟಿಗೆ ಹೋದ ಕೂಡಲೇ ಚುರುಕು. ಪಿಸ್ತೂಲು ಕೂಡ ಈ ಕಾಲದ್ದೇ.

ಮಮತಳ ಬಲಗೈಗೆ ಬಟ್ಟೆ ಸುತ್ತಿತ್ತು. "ಏನಾಯ್ತು?" ಅಂದೆ. "ಹುಲ್ಲು ಕೊಯ್ಯೋವಾಗ ಕುಡುಗೋಲು ತಾಗ್ತು" ಅಂದಳು. ಅಕ್ಷತ ಚೀಲ ಕೆಳಗಿಡದೆ ಅವಳ ಕೈ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಇಬ್ಬರೂ ಬಹಳ ಹೊತ್ತು ಪಿಸುಗುಟ್ಟಿದರು. ಶಿಬಿರದ ಸುದ್ದಿ ಇರಬೇಕು.

18 ಅಕ್ಟೋಬರ್

ಆಯುಧಪೂಜೆ. ವರ್ಷದಲ್ಲಿ ನನ್ನ ಕೊಠಡಿಗೆ ಗೌರವ ಸಿಗುವ ಒಂದೇ ದಿನ. ಪಿಸ್ತೂಲುಗಳನ್ನು ಸಾಲಾಗಿ ಮಲಗಿಸಿ, ಹೂವಿಟ್ಟು, ಕುಂಬಳಕಾಯಿ ಒಡೆದೆವು. ಕುಂಕುಮವನ್ನು ಪೆಟ್ಟಿಗೆಗಳಿಗೆ ಮಾತ್ರ ಹಚ್ಚಿದೆ. ಒಂದು ವರ್ಷ ಭಕ್ತಿ ಹೆಚ್ಚಾಗಿ ನಳಿಕೆಗೇ ಹಚ್ಚಿ, ಮೇಜರ್ ಸಾಹೇಬರ ಬಾಯಲ್ಲಿ ಸೈನ್ಯದ ಮಂತ್ರಪುಷ್ಪ ಕೇಳಿದ್ದೇನೆ.

ಮನೆಗೆ ಬಂದರೆ ಇಲ್ಲೂ ಪೂಜೆ ಸಿದ್ಧ. ಟಿವಿಎಸ್, ಗುದ್ದಲಿ, ಕುಡುಗೋಲು, ಮೋಟರಿನ ಸ್ಟಾರ್ಟರ್. ಯಾರ ಅನ್ನದ ಸಾಧನ ಯಾವುದೋ ಅವರೇ ಅದಕ್ಕೆ ಕುಂಕುಮ ಇಡುವುದು ನಮ್ಮ ಅವ್ವನ ಕಾಲದ ಪದ್ಧತಿ. ಟಿವಿಎಸ್ಸಿಗೆ, ಸ್ಟಾರ್ಟರಿಗೆ ನಾನು ಇಟ್ಟೆ. ಕುಡುಗೋಲಿಗೆ ಮಮತ ಇಟ್ಟಳು. ಹಾಲು ಕರೆಯುವ ಬಕೆಟ್ಟಿಗೆ ಅಕ್ಷತ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ಕಣ್ಣುಮುಚ್ಚಿ ಕೈಮುಗಿದಳು.

"ನಿನ್ನ ಆಯುಧ ಕ್ಲಬ್ಬಲ್ಲಿದೆ ಕಣಮ್ಮ" ಅಂದೆ.

"ಗೊತ್ತು ಸಾರ್."

ಮಮತ ಕೆಮ್ಮಿದಳು. ಕರ್ಪೂರದ ಹೊಗೆ.

24 ಅಕ್ಟೋಬರ್

ಹಿಡಿಗೆ ಪುಟ್ಟಿ ಮೆತ್ತಿದೆ. ಮರದ ಹಿಡಿಯ ಸುತ್ತ ಪುಟ್ಟಿ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಅವಳ ಕೈಯಲ್ಲಿ ಒತ್ತಿ ಹಿಡಿಸಿದೆ. ಆರುವವರೆಗೆ ಬೆರಳು ಅಲ್ಲಾಡಿಸಬಾರದು. ಅಷ್ಟು ಹೊತ್ತು ಎದುರುಬದುರು ಕೂತಿದ್ದೆವು. ಮಾತಾಡಲು ಏನೂ ಇಲ್ಲದ್ದರಿಂದ ಅವಳ ಕೈ ನೋಡಿದೆ.

ಹೆಬ್ಬೆರಳಿನ ಗೆಣ್ಣಿನ ಮೇಲೆ, ಹಿಂಬದಿಗೆ, ಕಡಲೆಕಾಳಿನಷ್ಟು ಗಂಟು. ಮುಟ್ಟಿದರೆ ಗಟ್ಟಿ. ಎಲ್ಲಿಯೋ ನೋಡಿದ್ದೇನೆ ಅನ್ನಿಸಿತು.

"ಇದೇನು?"

"ಏನಿಲ್ಲ ಸಾರ್."

"ಟ್ರಿಗರ್ ಜಾಸ್ತಿ ಎಳೀತೀಯ. ಅದಕ್ಕೇ ಬಂದಿದೆ."

"ಇರಬಹುದು ಸಾರ್" ಅಂದು ಕಿಟಕಿಯ ಕಡೆ ತಿರುಗಿದಳು.

ಪುಟ್ಟಿ ಆರಿದ ಮೇಲೆ ಉಜ್ಜಿ ನಯ ಮಾಡಿದೆ. ಐದು ಬೆರಳಿನ ಹಳ್ಳಗಳೂ ಅಂಗೈಯ ದಿಬ್ಬವೂ ಅಚ್ಚುಕಟ್ಟಾಗಿ ಮೂಡಿವೆ. ನನ್ನ ಕೈಗೆ ಈಗ ಅದು ಹಿಡಿಸುವುದೇ ಇಲ್ಲ. ಲೋಕದಲ್ಲಿ ಒಬ್ಬರಿಗೆ ಮಾತ್ರ ಹೊಂದುವ ವಸ್ತುವೊಂದನ್ನು ನಾನು ಇದೇ ಮೊದಲು ಮಾಡಿದ್ದು. ಮನೆಗೆ ಬಂದು ಇದನ್ನೇ ಮಮತಗೆ ಎರಡು ಸಲ ಹೇಳಿದೆನಂತೆ.

25 ಅಕ್ಟೋಬರ್

ಐದನೆಯದು ನಿಂತಿತು.

29 ಅಕ್ಟೋಬರ್

ಮೇಜರ್ ಸಾಹೇಬರು ಕೊಠಡಿಗೇ ಬಂದರು. ಅವರು ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯನ್ನು ನಿಂತುಕೊಂಡು ಹೇಳುವುದಿಲ್ಲ, ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಾರೆ.

"ನೋಡು ಮುರಳಿ. ನಿನ್ನ ಕೈಲಿ ಓಡುತ್ತೆ, ನನ್ನ ಕೈಲಿ ಓಡುತ್ತೆ, ಅವಳ ಕೈಲಿ ನಿಲ್ಲುತ್ತೆ. ಹುಡುಗಿಗೆ ಒಳಗೆ ಎಲ್ಲೋ ಹೆದರಿಕೆ ಹೊಕ್ಕಿದೆ. ಇರೋದು ಒಂದೇ ಒಳ್ಳೆ ಪಿಸ್ತೂಲು. ಇನ್ನೊಬ್ಬ ಹುಡುಗಿ ಕಾಯ್ತಾ ಇದ್ದಾಳೆ. ಈ ವರ್ಷ ಬಿಡ್ಸು. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಅವಳು ಪಿಲ್ಲಗುಂಪೇಲಿರ್ತಾಳೆ ಸಾರ್."

"ಅದಕ್ಕೆ ನಾನೇನು ಮಾಡ್ಲಪ್ಪ?"

"ಹೆದರೋಳಲ್ಲ ಸಾರ್ ನಮ್ಮ ಹುಡುಗಿ. ಇನ್ನು ಎರಡು ವಾರ ಕೊಡಿ."

ಅವರು ಕುರ್ಚಿಯಿಂದ ಎದ್ದು, "ಒಂದು ವಾರ" ಅಂದರು.

ಅವರು ಹೋದ ಮೇಲೆ ಪಿಸ್ತೂಲನ್ನು ಬಿಚ್ಚಿದೆ. ಸ್ಪ್ರಿಂಗ್ ಅಂಗೈಯಲ್ಲಿತ್ತು. ಕಪಾಟಿನಲ್ಲಿ ಇನ್ನೊಂದಿದೆ. ಬೇಡ ಎಂದ ಕೆಲಸವನ್ನೇ ಮಾಡಿ ನೋಡುವ ಚಪಲ ಎಷ್ಟು ಬಲವಾಗಿತ್ತೆಂದರೆ, ಕೈ ಕಪಾಟಿನವರೆಗೂ ಹೋಯಿತು. ಆಗ ಪುಟ್ಟಿಯ ಹಿಡಿ ಕಣ್ಣಿಗೆ ಬಿತ್ತು. ನಾನು ಏನಾದರೂ ಎಡವಟ್ಟು ಮಾಡಿದರೆ ಒಡೆಯುವುದು ಈ ಬೆರಳುಗಳ ಹತ್ತಿರ. ಎಲ್ಲವನ್ನೂ ಹಾಗೆಯೇ ಜೋಡಿಸಿ ಬೀಗ ಹಾಕಿದೆ.

3 ನವೆಂಬರ್

ಇವತ್ತು ಕ್ಲಬ್ಬಿಗೆ ರಜೆ. ಹಾಲಿನ ಡೈರಿಯಲ್ಲಿ ಹಿಂಡಿ ಮೂಟೆ ಬಂದಿದೆ, ತರಬೇಕು ಎಂದು ಮಮತ ಹೇಳಿದ್ದಳು. ತೋಟದಿಂದ ಬಂದವನು, ಹೇಗೂ ಹೋಗುತ್ತೇನಲ್ಲ ಎಂದು ಹಾಲಿನ ಕ್ಯಾನನ್ನೂ ಎತ್ತಿಕೊಂಡೆ. ಇಬ್ಬರೂ ಒಟ್ಟಿಗೆ "ಬೇಡ" ಅಂದರು. ನನಗೆ ಅಷ್ಟು ಕಾಳಜಿ ಮಾಡುವವರು ಈ ಮನೆಯಲ್ಲಿದ್ದಾರೆಂದು ಖುಷಿಪಟ್ಟುಕೊಂಡೇ ಹೋದೆ.

ಸಾಲಿನಲ್ಲಿ ನನ್ನ ಮುಂದೆ ಮುನಿಲಕ್ಷ್ಮಮ್ಮ. ಹಿಂದಿನ ಬೀದಿಯವರು. ಸೆಕ್ರೆಟರಿ ಆಂಜಿನಪ್ಪನ ಕೈಗೆ ಕ್ಯಾನು ಕೊಡುವಾಗ ಅವರ ಹೆಬ್ಬೆರಳು ಕಂಡಿತು. ಗೆಣ್ಣಿನ ಮೇಲೆ, ಹಿಂಬದಿಗೆ, ಗಟ್ಟಿ ಗಂಟು.

"ಇದೇನು ಮುನಿಲಕ್ಷ್ಮಮ್ಮ, ಏಟು ಬಿತ್ತಾ?"

"ಏಟೆಲ್ಲಿ ಬಂತಪ್ಪ. ಹೆಬ್ಬೆಟ್ಟು ಮಡಿಸ್ಕೊಂಡು ಹಾಲು ಕರೀತೀವಲ್ಲ, ಅದ್ಕೆ. ನಮ್ಮತ್ತೇಗೂ ಇತ್ತು. ನಿಮ್ಮನೆ ಹುಡ್ಗೀಗೂ ಬಂದೈತೆ, ಮೊನ್ನೆ ನೋಡ್ದೆ. ಹೊಸ ಕೈ, ಪಾಪ. ಎರಡು ಹಸ, ಎರಡೊತ್ತು."

"ಯಾವ ಹುಡುಗಿ?"

"ನಿಮ್ಮನೇಲಿ ಎಷ್ಟು ಹುಡ್ಗೀರವ್ರಪ್ಪ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಊರಿಗೆಲ್ಲ ಗೊತ್ತು. ಬೆಳಗ್ಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ನಾನು ಮೋಟರ್ ಹಾಕಲು ತೋಟದಲ್ಲಿರುತ್ತೇನೆ. ಸಂಜೆ ಕರೆಯುವ ಹೊತ್ತಿಗೆ ಕ್ಲಬ್ಬಿನಲ್ಲಿ ಬೀಗ ಎಣಿಸುತ್ತಿರುತ್ತೇನೆ. ನನ್ನ ಮನೆಯ ಹಸುವನ್ನು ಯಾರು ಕರೆಯುತ್ತಾರೆ ಎಂದು ನೋಡುವ ಸಂದರ್ಭವೇ ನನಗೆ ಬಂದಿಲ್ಲ.

ಹಿಂಡಿ ಮೂಟೆಯ ಮೇಲೆ ಕೂತೆ. ದೊಡ್ಡಪ್ಪ ಬಂದದ್ದು ಸೆಪ್ಟೆಂಬರ್ ಹದಿನಾರು. ಪಿಸ್ತೂಲು ನಿಂತದ್ದು ಇಪ್ಪತ್ತೇಳು. ಶಿಬಿರಕ್ಕೆ ಹೋಗಿ ಮೂರು ದಿನ ಹಸು ಮುಟ್ಟದಿದ್ದಾಗ ಸರಿಹೋಯಿತು. ಎರಡು ಹೊತ್ತು ಹಿಂಡಿ ದಣಿದ ಕೈ ನಾಲ್ಕನೇ ಒದೆತಕ್ಕೆ ಗೋಡೆಯಾಗಿ ನಿಲ್ಲುತ್ತಿರಲಿಲ್ಲ. ಆ ಮೂರು ದಿನ ಮಮತಳ ಕೈಗೆ ಬಟ್ಟೆ ಬಂತು. ನಮ್ಮ ಅವ್ವನ ಹೆಬ್ಬೆರಳಲ್ಲೂ ಅದೇ ಗಂಟಿತ್ತು. ಆ ಕೈಯಿಂದ ಉಂಡು ಬೆಳೆದವನು ನಾನು. ಟ್ರಿಗರ್ ಎಳೆದು ಬಂದದ್ದು ಎಂದು ಹೇಳಿದೆನಲ್ಲ. ಮನೆಗೆ ಬಂದು ಹಿಂದಿನ ಪುಟ ತಿರುಗಿಸಿ ನೋಡಿದೆ. ಹೌದು, ನನ್ನದೇ ಅಕ್ಷರ. ಟ್ರಿಗರ್ ಎಳೆಯುವುದು ತೋರುಬೆರಳು.

ಪ್ರಾಸ ಸಿಗಲಿಲ್ಲ. ಹುಡುಕಲೂ ಇಲ್ಲ.

4 ನವೆಂಬರ್

ಮೋಟರ್ ಹಾಕಲು ಪಕ್ಕದ ತೋಟದ ಜವರಪ್ಪನಿಗೆ ಹೇಳಿ, ಬೆಳಗ್ಗೆ ಹಿತ್ತಿಲ ಕಡೆಯಿಂದ ಕೊಟ್ಟಿಗೆಗೆ ಹೋದೆ.

ನಮ್ಮ ದೊಡ್ಡ ಹಸು ರಾಜಿಯ ಹೊಟ್ಟೆಗೆ ಹಣೆ ಒತ್ತಿಕೊಂಡು ಅಕ್ಷತ ಕರೆಯುತ್ತಿದ್ದಳು. ಮಮತ ಪಕ್ಕದಲ್ಲಿ ಕರು ಹಿಡಿದುಕೊಂಡು ಕೂತಿದ್ದಳು. ಕೈಗೆ ಬಟ್ಟೆ ಇನ್ನೂ ಇತ್ತು. ಇಬ್ಬರೂ ನನ್ನನ್ನು ನೋಡಿದರು. ಬಕೆಟ್ಟಿನಲ್ಲಿ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು.

"ಮಣಿಕಟ್ಟಲ್ಲಿ ನರ ಹಿಡ್ಕೊಂಡಿದೆ ಕಣ್ರಿ ನಂಗೆ" ಅಂದಳು ಮಮತ. "ಎರಡು ತಿಂಗಳಾಯ್ತು. ಬಿಂದಿಗೆ ಎತ್ತೋಕೂ ಆಗಲ್ಲ. ಇವಳು ಬಿಡ್ಲಿಲ್ಲ. ಹೇಳಬೇಡಿ ಅಂತ ಆಣೆ ಬೇರೆ ಹಾಕಿಸ್ಕೊಂಡ್ಳು."

"ಕುಡುಗೋಲು?"

"ಕುಡುಗೋಲಿಗೂ ಗೊತ್ತಿಲ್ಲ ಆ ವಿಷ್ಯ."

ಅಕ್ಷತ ತಲೆಯೆತ್ತಲಿಲ್ಲ. ಕೆಚ್ಚಲು ಒರೆಸುತ್ತಾ ಹೇಳಿದಳು.

"ಅವತ್ತು ದೊಡ್ಡಪ್ಪನ ಹತ್ರ ಐವತ್ತು ಕೇಜಿ ಅಂದ್ರಲ್ಲ ಸಾರ್. ದಿನಾ ಇಷ್ಟು ಹಾಲು ಕರೆದ್ರೆ ಅಷ್ಟರಮಟ್ಟಿಗೆ ಭಾರ ಕಮ್ಮಿ ಆಗುತ್ತೆ ಅನ್ಕೊಂಡೆ. ಸುಮ್ನೆ ಕೂತು ಉಂಡ್ರೆ ಗಂಟಲಲ್ಲಿ ಇಳಿಯಲ್ಲ ನಂಗೆ."

ನಲವತ್ತೈದು ವರ್ಷದಲ್ಲಿ ನಾನು ಹೇಳಿದ ಜೋಕುಗಳಿಗೆ ಲೆಕ್ಕವಿಲ್ಲ. ಒಂದನ್ನೂ ಯಾರೂ ನೆನಪಿಟ್ಟುಕೊಂಡದ್ದಿಲ್ಲ. ಇದೊಂದನ್ನು ಇಟ್ಟುಕೊಂಡಿದ್ದಳು. ದಿನಾ ಎರಡು ಹೊತ್ತು ಅದನ್ನು ಹಿಂಡುತ್ತಿದ್ದಳು.

ಏನೇನೋ ಹೇಳಬೇಕೆಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಏಳು. ಆ ಸ್ಟೂಲು ನಂಗೆ ಕೊಡು."

"ನಿಮಗೆ ಕರೆಯೋಕೆ ಬರುತ್ತಾ ಸಾರ್?"

"ಬರಲ್ಲ. ಆಯುಧಪೂಜೆ ಮಾಡ್ದೋಳು ನೀನು. ಹೇಳಿಕೊಡು."

ಹೇಳಿಕೊಟ್ಟಳು. ರಾಜಿ ತಿರುಗಿ ನನ್ನ ಮುಖ ನೋಡಿ, ಹಾಲು ಬಿಡುವುದನ್ನು ಪೂರ್ತಿ ನಿಲ್ಲಿಸಿದಳು. ನನ್ನ ಕೈಗೆ ಬಂದದ್ದು ಒಂದು ಲೋಟ. ಮಮತ ಸೆರಗು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕೇಳಲಿಲ್ಲ.

ಮಧ್ಯಾಹ್ನ ಮಮತಳನ್ನು ಹೊಸಕೋಟೆಯ ಡಾಕ್ಟರಿಗೆ ತೋರಿಸಿದೆ. ಕೈಗೆ ಪಟ್ಟಿ ಹಾಕಿ ಎರಡು ತಿಂಗಳು ನೀರು ಸೇದುವುದು, ಹಾಲು ಕರೆಯುವುದು, ಹಿಂಡುವುದು ಯಾವುದೂ ಬೇಡ ಅಂದರು. ಬರುವಾಗ ದಾರಿಯುದ್ದಕ್ಕೂ ಟಿವಿಎಸ್ಸಿನ ಮೇಲೆ ಆ ಪಟ್ಟಿಯ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡಿದ್ದಳು.

6 ನವೆಂಬರ್

ಒದ್ದಳು ರಾಜಿ ಒಂದೇ ಏಟಿಗೆ, ಬಿದ್ದೆವು ಹಾಲೂ ನಾನೂ;
ಎದ್ದದ್ದು ನಾನು, ಹಾಲೇಳಲಿಲ್ಲ, ಬೆಕ್ಕಿಗೆ ಅಂದೇ ಜೇನು.

ಡೈರಿಯಲ್ಲಿ ಆಂಜಿನಪ್ಪ ಕ್ಯಾನಿನೊಳಗೆ ಇಣುಕಿದ. "ಏನ್ ಗುರು, ಹಸ ಮುನಿಸ್ಕೊಂಡೈತಾ?"

"ಪರಿಚಯ ಆಗ್ತಾ ಇದೆ" ಅಂದೆ.

ಮೇಜರ್ ಸಾಹೇಬರ ಹತ್ತಿರ ನಿಜ ಹೇಳಿದೆ. ಗನ್ನಿಗೆ ರೋಗವಿಲ್ಲ, ಹುಡುಗಿಗೆ ಹೆದರಿಕೆಯಿಲ್ಲ, ಹಸುವಿಗೆ ಹಾಲಿದೆ ಅಂದೆ. ಕೇಳಿ ಮುಗಿಸಿ, ಮೀಸೆ ಒರೆಸಿಕೊಂಡು, "ಇನ್ನೊಬ್ಬ ಹುಡುಗಿಗೆ ಈ ವರ್ಷ ನಾನೇ ಬೇರೆ ವ್ಯವಸ್ಥೆ ಮಾಡ್ತೀನಿ. ಸಂಜೆ ಬೀಗಾನೂ ನಾನೇ ನೋಡ್ಕೋತೀನಿ, ನೀನು ಹಸು ನೋಡ್ಕೋ" ಅಂದರು.

11 ನವೆಂಬರ್

ಐದು ದಿನ ಪಿಸ್ತೂಲು ಮುಟ್ಟದೆ ಕೈಗೆ ವಿಶ್ರಾಂತಿ ಕೊಟ್ಟು ನಿನ್ನೆಯಿಂದ ಮತ್ತೆ ಶುರು ಮಾಡಿದ್ದಾಳೆ. ಎರಡು ದಿನದಲ್ಲಿ ಒಂದೇ ಸಲ ನಿಂತಿತು.

ಸೆಗಣಿ ಬಾಚುವುದನ್ನೂ ಹಸುಗಳ ಮೈ ತೊಳೆಯುವುದನ್ನೂ ಅವಳು ಬಿಟ್ಟುಕೊಡಲಿಲ್ಲ. "ಕರೆಯೋದು ಮಾತ್ರ ನಿಮ್ಗೆ. ನ್ಯಾಷನಲ್ಸ್ ಆದ್ಮೇಲೆ ಒಂದು ಹಸು ನಂದು" ಎಂದು ಕರಾರು ಮಾಡಿಕೊಂಡಿದ್ದಾಳೆ. ಇವಳು ದೊಡ್ಡಪ್ಪನಿಗಿಂತ ಗಟ್ಟಿ.

ನನ್ನ ಕೈ ರಾತ್ರಿ ಪೆನ್ನು ಹಿಡಿಯುವುದಿಲ್ಲ. ಇವತ್ತಿಗಿಷ್ಟೇ.

14 ನವೆಂಬರ್

ಮುದ್ದೆ ಮುರಿಯಲು ಎಡಗೈ. ಮಮತಳದು ಪಟ್ಟಿ, ನನ್ನದು ನೋವು. ಇಬ್ಬರ ನಡುವೆ ಒಂದು ಟ್ಯೂಬ್ ಮುಲಾಮು, ದಾಂಪತ್ಯ ಬಹಳ ವರ್ಷದ ಮೇಲೆ ಘಮಘಮ ಅನ್ನುತ್ತಿದೆ.

17 ನವೆಂಬರ್

ಒಂದೂ ನಿಲ್ಲಲಿಲ್ಲ. ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಎಣ್ಣೆ ಬಟ್ಟೆ ಹುಡುಕುತ್ತಿದ್ದೆ. ಅದು ಕೈಯಲ್ಲೇ ಇತ್ತು.

24 ನವೆಂಬರ್

ಸ್ಪರ್ಧೆ. ಕೈ ನೋಯುತ್ತಿದ್ದರೂ ಬರೆಯಲೇಬೇಕು.

ನೋಡುವವರ ಕುರ್ಚಿಗಳು ಹಿಂದುಗಡೆ. ಅಲ್ಲಿಂದ ಗುರಿ ಸರಿಯಾಗಿ ಕಾಣಲಿಲ್ಲ. ಅಂಕ ತೋರಿಸುವ ಪರದೆಯನ್ನು ನಾನು ನೋಡಲೂ ಇಲ್ಲ. ಮಮತ ನೋಡಿ ಒಂದೊಂದಕ್ಕೂ ನನ್ನ ತೊಡೆ ಚಿವುಟುತ್ತಿದ್ದಳು, ಎಡಗೈಯಲ್ಲಿ. ನಾನು ನೋಡುತ್ತಿದ್ದದ್ದು ಎರಡನ್ನೇ: ಮಣಿಕಟ್ಟು, ಮತ್ತು ಬಲಗಡೆಗೆ ಹಾರುವ ಖಾಲಿ ತೋಟಾ. ಗುಂಡು ಹೊರಟ ಮೇಲೆ ಕೈ ಸ್ವಲ್ಪ ಮೇಲೇಳಬೇಕು, ಗೋಡೆಯ ಹಾಗೆ ನಿಲ್ಲಬೇಕು, ಮತ್ತೆ ಇಳಿಯಬೇಕು.

ನಿಧಾನದ ಸರಣಿಗಳು ಮುಗಿದವು. ವೇಗದವು ಶುರುವಾದವು. ಇವುಗಳಲ್ಲಿ ಪ್ರತಿ ಗುಂಡಿಗೂ ತೋಳು ಇಳಿಸಿ ಮತ್ತೆ ಎತ್ತಬೇಕು. ಕೊನೆಯ ಸರಣಿಯ ಹೊತ್ತಿಗೆ ಅವಳ ಕತ್ತಿನ ಹಿಂದೆ ಬೆವರಿಳಿಯುವುದು ಕಾಣಿಸುತ್ತಿತ್ತು. ಒಂದು. ಎರಡು. ಮೂರು. ನಾಲ್ಕನೆಯದರ ತೋಟಾ ಹಾರಿತು. ತೋಳು ಇಳಿಸಿದಳು. ಐದನೆಯದಕ್ಕೆ ತೋಳು ಎತ್ತುವ ಮುಂಚಿನ ಆ ಚೂರು ಹೊತ್ತಿನಲ್ಲಿ, ನನಗೆ ಗೊತ್ತಿಲ್ಲದ ಹಾಗೆ ನನ್ನ ಬಲಗೈ ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಒಳಗೆ ಮಡಿಸಿಕೊಂಡಿತ್ತು.

ಹೊರಟಿತು. ಖಾಲಿ ತೋಟಾ ಹಾರಿ ಸಿಮೆಂಟಿನ ಮೇಲೆ ಬಿದ್ದು, ಉರುಳಿ, ಗೋಡೆ ಮುಟ್ಟಿ ನಿಂತಿತು.

ಬೇಕಾದ ಅಂಕಕ್ಕಿಂತ ನಾಲ್ಕು ಹೆಚ್ಚು. ಮಮತ ಹೇಳಿದಳು. ನಾನು ಆಗಲೂ ಆ ತೋಟಾವನ್ನೇ ನೋಡುತ್ತಿದ್ದೆನಂತೆ.

ಸಂಜೆ ವೆಂಕಟರಾಯಪ್ಪನವರ ಫೋನು. "ಟೀವೀಲಿ ಬತ್ತಾಳಾ?"

"ಇಲ್ಲ ಅಣ್ಣ."

"ಪೇಪರ್ನಲ್ಲಿ?"

"ಬಂದ್ರೆ ಸಣ್ಣದಾಗಿ ಬರಬಹುದು."

"ಸಣ್ಣದಾದ್ರೂ ಕತ್ತರಿಸಿ ಮಡಿಕ್ಕೊ." ಸ್ವಲ್ಪ ತಡೆದು, "ಆ ಬಸ್ಸಿನೋನಿಗೆ ಬೇಡ ಅಂತ ಹೇಳ್ಬುಡ್ತೀನಿ" ಅಂದರು.

27 ನವೆಂಬರ್

ರಾಜಿ ಈಗ ನನ್ನ ಹೆಜ್ಜೆ ಗುರುತಿಸುತ್ತಾಳೆ. ಇನ್ನೊಂದು ಹಸು ಇನ್ನೂ ಇಲ್ಲ. ಆಂಜಿನಪ್ಪ ಇವತ್ತು ಕ್ಯಾನು ನೋಡಿ ಏನೂ ಅನ್ನಲಿಲ್ಲ. ಅದು ಅವನ ಪ್ರಶಸ್ತಿಪತ್ರ.

ಕರೆದು ಮುಗಿಸಿ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ವಿಮಾನದ ಸದ್ದು ಮಾತ್ರ ಕೇಳುತ್ತಿತ್ತು, ವಿಮಾನ ಕಾಣುತ್ತಿರಲಿಲ್ಲ. ಮಗಳು ಕಾಫಿ ತಂದು ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳ ಗೆಣ್ಣಿನ ಮೇಲೆ, ಹಿಂಬದಿಗೆ, ಎಳ್ಳುಕಾಳಿನಷ್ಟು ಗಂಟು ಮೂಡಿದೆ.

"ಇದೇನು ಚಿಕ್ಕಪ್ಪ" ಅಂದಳು, "ಟ್ರಿಗರ್ ಜಾಸ್ತಿ ಎಳೆದ್ರಾ?"

ಕಾಫಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.